ಪೂರ್ಣ ವಿಶ್ವಾಸವಿದೆ ಎಂದು ಹೇಳಬಾರದಿತ್ತು

ಈ ಮಧ್ಯಾಹ್ನದ ಸಭೆಯ ಅಧ್ಯಕ್ಷತೆ ವಹಿಸಿರುವ ಮೇಯರ್ ಶ್ರೀಮತಿ ಓಲರೆನ್‌ಶಾ ಅವರೇ, ಆರ್ನ್‌ಶಾ ಟೌನ್ ಫುಟ್‌ಬಾಲ್ ಕ್ಲಬ್ಬಿನ ಆಟಗಾರರೇ, ಅವರ ಕೆಸರಿನ ಕಾಲುಚೀಲಗಳನ್ನು ಒಗೆದು ಸುಸ್ತಾಗಿರುವ ಮನೆಯವರೇ, ಈ ಕ್ಲಬ್ಬಿನ ನಿಜವಾದ ಮಾಲೀಕರಾದ ಸದಸ್ಯರೇ, ಮತ್ತು ಊಟದ ಮಾಂಸದ ಪೈ ತಣ್ಣಗಾಗುತ್ತಿದೆಯಲ್ಲ ಎಂದು ಅಡುಗೆಮನೆಯ ಕಡೆಗೇ ನೋಡುತ್ತಿರುವ ಎಲ್ಲ ಸಭಿಕರೇ,

ನಾವು ಉಳಿದುಕೊಂಡೆವು. ಕೆಳಗಿನ ಲೀಗಿಗೆ ಇಳಿಯಲಿಲ್ಲ. ಈ ಮಾತನ್ನು ನಾನು ವಾರದಿಂದ ಸ್ನಾನದ ಮನೆಯಲ್ಲಿಯೂ ಹೇಳಿಕೊಳ್ಳುತ್ತಿದ್ದೇನೆ. ವೇದಿಕೆಯ ಮೇಲೆ ಇನ್ನೊಮ್ಮೆ ಹೇಳಲು ಅಪ್ಪಣೆ ಕೊಡಿ. ನಾವು ಉಳಿದುಕೊಂಡೆವು.

ಆಟದ ಋತುವಿನ ಕೊನೆಯ ಊಟದಲ್ಲಿ ಕ್ಲಬ್ಬಿನ ಅಧ್ಯಕ್ಷರು, ಅಂದರೆ ಈಗ ನಾನು, ತಂಡವನ್ನು ಪಳಗಿಸಿ ಆಡಿಸುವ ಮ್ಯಾನೇಜರನ್ನು ಹೊಗಳಬೇಕು ಎಂಬುದು ಪದ್ಧತಿ. ಆದರೆ ಒಬ್ಬ ಮ್ಯಾನೇಜರ್ ಒಳ್ಳೆಯವನೋ ಅಲ್ಲವೋ ಎಂದು ತಿಳಿಯುವುದು ಹೇಗೆ? ನಾನು ಶಾಲೆಯ ಮುಖ್ಯೋಪಾಧ್ಯಾಯಿನಿ. ವರ್ಷವಿಡೀ ಮಕ್ಕಳನ್ನು ಅಳೆಯುತ್ತೇನೆ, ಅಳೆದದ್ದು ಸರಿಯೇ ಎಂದು ವರ್ಷವಿಡೀ ಅನುಮಾನಿಸುತ್ತೇನೆ. ಫುಟ್‌ಬಾಲಿಗೆ ಬಂದರೆ ಈ ಅನುಮಾನ ಕಡಿಮೆಯಾದೀತು ಎಂದುಕೊಂಡಿದ್ದೆ. ಆಗಲಿಲ್ಲ.

ಫೆಬ್ರವರಿಯನ್ನು ನೆನಪಿಸಿಕೊಳ್ಳಿ. ನಾವು ಸಾಲು ಸಾಲಾಗಿ ಸೋಲುತ್ತಿದ್ದೆವು. ಗ್ಯಾಲರಿಯಲ್ಲಿ ನಮ್ಮ ಸಮಿತಿಯ ಶ್ರೀ ಸ್ಟಾನ್ಲಿ ಕ್ರಾಬ್‌ಟ್ರೀ ಅವರು, ಅದೋ, ಎರಡನೆಯ ಮೇಜಿನಲ್ಲಿ ಮುಗುಳ್ನಗುತ್ತಿದ್ದಾರೆ, "ಡೆಸ್, ಮನೆಗೆ ನಡಿಯಪ್ಪಾ!" ಎಂದು ಕೂಗಿದರೆ ನದಿಯಾಚೆಯ ಚರ್ಚಿನ ಪಾರಿವಾಳಗಳು ಏಳುತ್ತಿದ್ದವು. ಆಗ ಸ್ಥಳೀಯ ರೇಡಿಯೋದವರು ನನ್ನನ್ನು ಕೇಳಿದರು. ನಾನು ಹೇಳಿದೆ: "ನಮ್ಮ ಮ್ಯಾನೇಜರ್ ಡೆಸ್ಮಂಡ್ ಪಿಲ್ಲಿಂಗ್ ಅವರ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ."

ನಗುತ್ತಿದ್ದೀರಿ. ನಗಲೇಬೇಕು. ಈ ದೇಶದಲ್ಲಿ ಕ್ಲಬ್ಬಿನ ಅಧ್ಯಕ್ಷರು ಹಾಗೆಂದರೆ ಹರಕೆಯ ಕುರಿಗೆ ಹೂವಿನ ಸರ ಹಾಕಿದಂತೆ ಎಂಬುದು ಯಾರಿಗೆ ಗೊತ್ತಿಲ್ಲ? ಮಧ್ಯಾಹ್ನದೊಳಗೆ ಬೇರೆ ಊರುಗಳ ಮ್ಯಾನೇಜರುಗಳಿಂದ ಫೋನು ಬರತೊಡಗಿತು. "ಜಾಗ ಖಾಲಿಯಾಗ್ತಿದೆಯಂತಲ್ಲ ಮೇಡಂ, ತುಂಬಾ ಬೇಜಾರಾಯ್ತು. ಅಂದ ಹಾಗೆ, ನಾನು ಬಿಡುವಾಗಿದೀನಿ." ಸಂಜೆಯ ಹೊತ್ತಿಗೆ ಡೆಸ್ ಅವರೇ ಬಂದರು. ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ.

"ಕೀಲಿ ತಗೊಳ್ಳಿ ಮೇಡಂ. ಕೆಟಲ್ ಮಾತ್ರ ನಂದು, ಅದನ್ನ ಒಯ್ತೀನಿ."

"ಯಾಕೆ ಡೆಸ್, ಏನಾಯ್ತು?"

"ರೇಡಿಯೋ ಕೇಳ್ದೆ."

"ನಾನು ಒಳ್ಳೇದನ್ನೇ ಹೇಳಿದ್ನಲ್ಲ!"

"ಅದೇ ಮೇಡಂ. ನಾನು ಕೆಲಸ ಮಾಡಿದ ಕಡೆಯೆಲ್ಲ ಒಳ್ಳೇದನ್ನೇ ಹೇಳಿದಾರೆ. ಸೋಮವಾರ ವಿಶ್ವಾಸ, ಗುರುವಾರ ಹಸ್ತಲಾಘವ. ನೀವು ಸಂಕಟಪಡಬೇಡಿ, ನಂಗೆ ಅಭ್ಯಾಸ ಆಗಿದೆ."

ಅವರ ಹೆಂಡತಿ ಲೊರೇನ್ ಫೋನಿನಲ್ಲಿ ಅಷ್ಟು ಸಮಾಧಾನದಿಂದ ಇರಲಿಲ್ಲ. "ಇರೋದನ್ನ ನೇರವಾಗಿ ಹೇಳ್ಬಿಡಿ ತಾಯಿ. ಮಕ್ಕಳ ಶಾಲೆಗೆ ತಿಳಿಸ್ಬೇಕು." ನಾನು ಎಷ್ಟು ಬಗೆಯಲ್ಲಿ 'ನಿಮ್ಮವರು ಇಲ್ಲೇ ಇರುತ್ತಾರೆ' ಎಂದರೂ ಆಕೆಯ ಧ್ವನಿ ಇಳಿಯುತ್ತಲೇ ಹೋಯಿತು. ನಾನು ಒಂದೊಂದು ಭರವಸೆ ಕೊಟ್ಟಾಗಲೂ ಆಕೆ ಮನಸ್ಸಿನಲ್ಲೇ ಒಂದೊಂದು ಪಾತ್ರೆ ಕಟ್ಟುತ್ತಿದ್ದರು ಎನಿಸುತ್ತದೆ.

ಇಲ್ಲೊಂದು ವಿಷಯ ಹೇಳಬೇಕು. ಭಾಷಣಕ್ಕೆ ಅಗತ್ಯವಿಲ್ಲ, ಆದರೂ ಹೇಳುತ್ತೇನೆ. ನನ್ನ ತಂದೆ ನಾರ್ಮನ್ ಆಶ್ವರ್ತ್ ಸಣ್ಣ ಕ್ಲಬ್ಬುಗಳ ಮ್ಯಾನೇಜರ್ ಆಗಿದ್ದರು. ಪತ್ರಿಕೆಯಲ್ಲಿ ಯಾರಾದರೂ ಅವರನ್ನು ಮೆಚ್ಚಿಕೊಂಡರೆ ನಮ್ಮ ತಾಯಿ ಓದಿ ಮಡಿಸಿಟ್ಟು, "ನಿಮ್ಮಪ್ಪನ್ನ ಹೊಗಳಿದಾರೆ ಕಣೇ, ಅಟ್ಟದಿಂದ ಸೂಟ್‌ಕೇಸ್ ಇಳಿಸು" ಎನ್ನುತ್ತಿದ್ದರು. ನಾನು ಓದಿದ ಶಾಲೆಗಳ ಹೆಸರುಗಳೆಲ್ಲ ನೆನಪಿಲ್ಲ, ಸಮವಸ್ತ್ರಗಳ ಬಣ್ಣ ಮಾತ್ರ ನೆನಪಿದೆ. ಹಾಗಿದ್ದ ಮೇಲೆ ಆ ಮಾತನ್ನು ಆಡಬಾರದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಆದರೂ ಯಾಕೆ ಆಡಿದೆ? ಯಾರಾದರೂ ಒಬ್ಬರು ಒಮ್ಮೆಯಾದರೂ ಅದನ್ನು ಮನಸಾರೆ ಹೇಳಲಿ ಎಂಬ ಆಸೆಯಿತ್ತೋ ಏನೋ. ಆಸೆ ನನ್ನದು, ಪೆಟ್ಟಿಗೆ ಕಟ್ಟಿದವರು ಲೊರೇನ್. ಇದು ನ್ಯಾಯವೇ?

ತಂದೆಯ ಬಳಿಗೇ ಹೋದೆ. ಅವರು ಹಿತ್ತಲಿನಲ್ಲಿ ಈರುಳ್ಳಿ ಜಾತಿಯ ಲೀಕ್ ಸಸಿಗಳಿಗೆ ಮಣ್ಣು ಏರಿಸುತ್ತಿದ್ದರು. ತಲೆ ಎತ್ತದೆ ಕೇಳಿಸಿಕೊಂಡರು.

"ಅವನನ್ನ ಬೈದ್ಬಿಡು," ಎಂದರು.

"ಏನಪ್ಪಾ?"

"ರೇಡಿಯೋದಲ್ಲೇ ಬೈ. ತೆಗೆದುಹಾಕೋನನ್ನ ಯಾರೂ ಬೈಯಲ್ಲ ಮಗಳೇ, ಹೊಗಳ್ತಾರೆ. ಇಟ್ಕೊಳ್ಳೋನನ್ನ ಮಾತ್ರ ಬೈತಾರೆ. ಆದ್ರೆ ನೋಡು, ಸುಮ್ಮಸುಮ್ಮನೆ ಬೈಬೇಡ. ಅವನ ತಪ್ಪನ್ನೇ ಹುಡುಕಿ ಬೈ. ಇನ್ನೊಬ್ಬರದನ್ನ ಅವನ ತಲೆಗೆ ಕಟ್ಟಿದ್ಯೋ, ತಕ್ಷಣ ಗೊತ್ತಾಗತ್ತೆ."

ಸಭಿಕರೇ, ಮ್ಯಾನೇಜರನ್ನು ನ್ಯಾಯವಾಗಿ ಅಳೆಯುವ ಪಾಠ ನನಗೆ ಶುರುವಾದದ್ದು ಹೀಗೆ, ಬೈಯಲು ಹೊರಟಾಗ. ಪ್ರತಿದಿನ ಶಾಲೆ ಬಿಟ್ಟ ಮೇಲೆ ಅಭ್ಯಾಸದ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಂತೆ. ಗೋಲ್‌ಕೀಪರ್ ತೋಳು ಮುರಿದುಕೊಂಡದ್ದು ಡೆಸ್ ಅವರ ತಪ್ಪೇ? ಮೈದಾನದಲ್ಲಿ ನೀರು ನಿಂತದ್ದು ಅವರ ತಪ್ಪೇ? ಜನವರಿಯಲ್ಲಿ ನಮ್ಮ ಗೋಲು ಹೊಡೆಯುವ ಆಟಗಾರನನ್ನು ದೊಡ್ಡ ಕ್ಲಬ್ಬಿಗೆ ಬಿಟ್ಟುಕೊಟ್ಟವರು ಯಾರು? ಸಮಿತಿ. ಸಮಿತಿ ಎಂದರೆ ನಾವು. ಈ ಪಟ್ಟಿಯನ್ನು ಸಭೆಯಲ್ಲಿ ಹೇಳಿದಾಗ ಕ್ರಾಬ್‌ಟ್ರೀ ಅವರು ಎದ್ದು ನಿಂತರು: "ಅಲ್ಲಮ್ಮಾ, ಅದು ಗಾಯದ ತಪ್ಪು, ಇದು ಮಳೆ ತಪ್ಪು. ಹಾಗಾದ್ರೆ ಸೋಲು ಯಾರ್ದು? ನಮ್ಮಜ್ಜೀದಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಸೋಲನ್ನು ಮಳೆಗೆ ಒಪ್ಪಿಸಿದವರು ಗೆಲುವನ್ನೂ ಬಿಸಿಲಿಗೆ ಒಪ್ಪಿಸಬೇಕಾಗುತ್ತದೆ. ಹಾಗಾದರೆ ಮ್ಯಾನೇಜರನದು ಅಂತ ಉಳಿಯುವುದೇನು? ಉಳಿಯುತ್ತದೆ, ನಾನು ನೋಡಿದೆ. ಎದುರಾಳಿಯ ಕಾರ್ನರ್ ಕಿಕ್ಕಿಗೆ ಯಾರು ಎಲ್ಲಿ ನಿಲ್ಲಬೇಕೆಂದು ಡೆಸ್ ಸರಿಯಾಗಿ ಕಲಿಸಿರಲಿಲ್ಲ. ದಣಿದವನನ್ನು ಹೊರಗೆ ಕರೆಸಲು ಮೀನಮೇಷ ಎಣಿಸುತ್ತಿದ್ದರು. ಇವು ಅವರದೇ. ಆದರೆ ಹಿಂದಿನ ವರ್ಷ ಚೆಂಡು ಬಂದರೆ ಬೆಚ್ಚುತ್ತಿದ್ದ ನಮ್ಮ ಎಡಬದಿಯ ಆಟಗಾರ ಈಗ ತಲೆಯೆತ್ತಿ ಆಡುತ್ತಿದ್ದ. ಸೋತ ಮರುದಿನವೂ ಒಬ್ಬರೂ ಅಭ್ಯಾಸ ತಪ್ಪಿಸುತ್ತಿರಲಿಲ್ಲ. ಇವೂ ಅವರದೇ. ಹೊಸ ಮ್ಯಾನೇಜರ್ ಬಂದ ಕೂಡಲೇ ತಂಡ ಗೆಲ್ಲುತ್ತದಲ್ಲ ಎನ್ನುತ್ತೀರಿ. ಜ್ವರ ಇಳಿಯುವ ದಿನ ಬಂದ ವೈದ್ಯನಿಗೂ ಹೆಸರು ಬರುತ್ತದೆ.

ರೇಡಿಯೋದಲ್ಲಿ ಕಾರ್ನರ್ ಕಿಕ್ಕಿನ ವಿಷಯ ತೆಗೆದು ಬೈದೆ. ಆಟಗಾರರನ್ನು ಬದಲಿಸುವ ವಿಷಯಕ್ಕೂ ಬೈದೆ. ಮರುದಿನ ಡೆಸ್ ಅವರ ಕೋಣೆಯಲ್ಲಿ ಕೆಟಲ್ ಕುದಿಯುತ್ತಿತ್ತು. "ಯಜಮಾನ್ರು ಸಿಳ್ಳೆ ಹಾಕ್ತಿದಾರೆ ಮೇಡಂ, ಏನ್ ಮಾಡಿದ್ರಿ?" ಎಂದು ಆಟಗಾರರು ಕೇಳಿದರು. ಲೊರೇನ್ ಫೋನು ಮಾಡಿ, "ಏನು ಚೆನ್ನಾಗಿ ಉಗಿದ್ರಿ ತಾಯಿ! ಹೊಟ್ಟೆ ತಣ್ಣಗಾಯ್ತು" ಎಂದರು.

ಹಾಗೆಂದು ಸಂಕಟ ಮುಗಿಯಲಿಲ್ಲ. ಡೆಸ್ ಅವರ ಕರಾರು ಈ ತಿಂಗಳಿಗೆ ಮುಗಿಯುವುದಿತ್ತು. ಕೊನೆಯ ಶನಿವಾರ ಮಾರ್ಲಿ ಬ್ರಿಜ್ ವಿರುದ್ಧದ ಪಂದ್ಯದಲ್ಲಿ ಸೋತರೆ ನಾವು ಕೆಳಗಿನ ಲೀಗಿಗೆ. ಅದಕ್ಕೆ ಮುಂಚಿನ ಗುರುವಾರ ಸಮಿತಿ ಸೇರಿತು. "ಶನಿವಾರ ನೋಡೋಣ, ಆಮೇಲೆ ತೀರ್ಮಾನ ಮಾಡೋಣ" ಎಂದರು ಕ್ರಾಬ್‌ಟ್ರೀ. ಅರ್ಧ ಸಮಿತಿ ತಲೆಯಾಡಿಸಿತು. ಎಷ್ಟು ವಿವೇಕದ ಮಾತು! ಆದರೆ ನನಗೆ ಅನ್ನಿಸಿತು: ಇಡೀ ವರ್ಷ ಕಣ್ಣಾರೆ ನೋಡಿದವರು ನಾವು. ಶನಿವಾರಕ್ಕೆ ಕಾಯುತ್ತೇವೆಂದರೆ ತೀರ್ಮಾನ ಮಾಡುವುದು ನಾವಲ್ಲ, ಒಂದು ಚೆಂಡು. ಆ ಮನುಷ್ಯ ಶುಕ್ರವಾರ ಇದ್ದದ್ದಕ್ಕಿಂತ ಭಾನುವಾರ ಬೇರೆಯವನಾಗಿರುತ್ತಾನೆಯೇ?

ಕರಾರನ್ನು ಅಂದೇ ಮುಂದುವರಿಸಬೇಕೆಂಬ ನನ್ನ ಸಲಹೆಗೆ ಮತ ಸಮಸಮವಾಯಿತು. ಕೊನೆಯ ಮತ ಅಧ್ಯಕ್ಷರದು. ನಾನು ಕೈ ಎತ್ತುವ ಮೊದಲು ನನ್ನನ್ನೇ ಕೇಳಿಕೊಂಡೆ: ಇದು ಡೆಸ್ ಅವರಿಗೋ, ಅಪ್ಪನಿಗೋ? ಉತ್ತರ ಪೂರ್ತಿ ಸಿಗಲಿಲ್ಲ. ಆದರೆ ಕೊಡೆ ಹಿಡಿದು ನಿಂತ ಸಂಜೆಗಳು ನನ್ನವೇ ಆಗಿದ್ದವು. ಕೈ ಎತ್ತಿದೆ. ಅಂದೇ ಸಹಿ ಆಯಿತು.

ಹೌದು, ಸದಸ್ಯರೇ. ಇವತ್ತಿನವರೆಗೆ ನಿಮಗೆ ಹೇಳಿರಲಿಲ್ಲ, ಇಂದು ಹೇಳುತ್ತಿದ್ದೇನೆ. ಡೆಸ್ಮಂಡ್ ಪಿಲ್ಲಿಂಗ್ ಅವರು ಇನ್ನೆರಡು ವರ್ಷ ನಮ್ಮ ಮ್ಯಾನೇಜರ್, ಮತ್ತು ಇದು ಪಂದ್ಯಕ್ಕೆ ಮೊದಲೇ ಆದ ತೀರ್ಮಾನ. ಕ್ರಾಬ್‌ಟ್ರೀ ಅವರು ವಿರುದ್ಧ ಮತ ಹಾಕಿದರು, ಆದರೆ ಹೊರಗೆ ಒಂದು ಮಾತೂ ಬಿಡಲಿಲ್ಲ. ಶನಿವಾರ ಎಂದಿನಂತೆ ಕೂಗಿದರು. ಅವರಿಗೆ ನನ್ನ ಗೌರವ.

ಪಂದ್ಯವನ್ನು ನೀವೇ ನೋಡಿದಿರಿ. ಕೊನೆಯ ಗಳಿಗೆಯವರೆಗೆ ಹಿಂದಿದ್ದೆವು. ಆಮೇಲೆ ಚೆಂಡು ಮಾರ್ಲಿ ಬ್ರಿಜ್ಜಿನ ರಕ್ಷಣಾ ಆಟಗಾರನ ದೇಹದ ಯಾವ ಭಾಗಕ್ಕೆ ಬಡಿದು ಗೋಲಾಯಿತೆಂದು ಮೇಯರ್ ಅವರ ಎದುರಿಗೆ ಹೇಳಲಾರೆ. ಸಮ ಮಾಡಿಕೊಂಡು ಉಳಿದೆವು. ಅದರಿಂದ ನನ್ನ ತೀರ್ಮಾನ ಸರಿಯೆಂದು ಸಾಬೀತಾಯಿತೇ? ಖಂಡಿತ ಇಲ್ಲ. ಚೆಂಡು ಒಂದು ಗೇಣು ಆಚೆ ಹೋಗಿದ್ದರೆ ಅದು ತಪ್ಪೆಂದು ಸಾಬೀತಾಗುತ್ತಲೂ ಇರಲಿಲ್ಲ. ಮುಂದಿನ ತಿಂಗಳು ಸಮಿತಿಯ ಚುನಾವಣೆ. ನನ್ನನ್ನು ಅಳೆಯುವಾಗ ಆ ಗೋಲನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಬೇಡಿಕೊಳ್ಳುತ್ತೇನೆ. ಹಿಡಿದರೆ ನಾನು ಬೇಡವೆನ್ನುವುದೂ ಇಲ್ಲ.

ನನಗೆ ನಿರಾಳವಾದದ್ದು ಶನಿವಾರವಲ್ಲ. ಗುರುವಾರ ಸಹಿಯಾದ ಮೇಲೆ ತಂದೆಗೆ ಫೋನು ಮಾಡಿದೆ. ಕೊನೆಯ ಬಾರಿ ಕೆಲಸ ಕಳೆದುಕೊಂಡ ದಿನದಿಂದ ಅವರು ಯಾವ ಮೈದಾನಕ್ಕೂ ಕಾಲಿಟ್ಟವರಲ್ಲ.

"ಪಂದ್ಯಕ್ಕೆ ಮೊದಲೇನಾ?" ಎಂದರು.

"ಮೊದಲೇ ಅಪ್ಪಾ."

"ಸೋತ್ರೆ?"

"ಸೋತ್ರೂ ಅವರೇ."

ಅವರು ಕೇಳಿದರು, "ಶನಿವಾರ ಆಟ ಎಷ್ಟು ಹೊತ್ತಿಗೆ ಮಗಳೇ?"

ಇಷ್ಟು ಹೊತ್ತು ಹಸಿವು ತಡೆದು ಕೇಳಿದಿರಿ. ಮೇಯರ್ ಅವರಿಗೆ, ಅಡುಗೆಮನೆಯವರಿಗೆ, ಡೆಸ್ ಮತ್ತು ಲೊರೇನ್ ಅವರಿಗೆ, ಹಾಗೂ ಇಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬೇಕಾದಾಗ ಎದ್ದು ಹೋಗಬಹುದೆಂದು ಕೂತು ಇನ್ನೂ ಎದ್ದು ಹೋಗದಿರುವ ನಾರ್ಮನ್ ಆಶ್ವರ್ತ್ ಅವರಿಗೆ ನನ್ನ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.