ಇನ್ನೊಂದ್ಸಲ ಮೇಷ್ಟ್ರು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಫಲಕ ಕೊಡಲೆಂದೇ ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಸಂಗೀತ ಸಂಘದ ಕಾರ್ಯದರ್ಶಿಗಳೇ, ಮುಂದಿನ ಸಾಲಿನಲ್ಲಿರುವ ಹಾಡುಗಾರರೇ, ವಾದ್ಯಗಾರರೇ, ಬೇಗ ಎದ್ದು ಹೋಗಲು ಅನುಕೂಲವಾಗಲಿ ಅಂತ ಬಾಗಿಲ ಪಕ್ಕದ ಕುರ್ಚಿ ಹಿಡಿದಿರುವ ಜಾಣ ಸಭಿಕರೇ, ಮತ್ತು ಅಪ್ಪ, ಎಲ್ಲರಿಗೂ ವಂದನೆಗಳು.

ಈ ಮೈಕಿನ ಮುಂದೆ ನನ್ನನ್ನು ನಿಲ್ಲಿಸಿರುವುದು ನನಗೆ ಯೋಗ್ಯತೆ ಇದೆ ಅಂತ ಅಲ್ಲ. ನಾನು ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಇಂಥ ಸಭೆಯಲ್ಲಿ ಕೊನೆಗೆ ಸನ್ಮಾನಿತರು ಎದ್ದು ಎರಡು ಮಾತು ಆಡುವುದು ಪದ್ಧತಿ. ನಮ್ಮಪ್ಪನಿಗೆ ಈಗ ಮಾತಿಲ್ಲ. ಹೋದ ವರ್ಷದ ಹಿಂದಿನ ವರ್ಷ ಗಂಟಲಲ್ಲಿ ಗೆಡ್ಡೆ ಬೆಳೆದು, ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಹಾಗಾಗಿ ಅವರ ಪಾಲಿನ ಎರಡು ಮಾತು ಮಗಳ ಪಾಲಿಗೆ ಬಂದಿದೆ. ಎರಡಕ್ಕೆ ನಿಲ್ಲುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನ್ನ ಹಿಂದೆ, ಪರದೆಯ ಪಕ್ಕ, ನೀಲಿ ಬಟ್ಟೆ ಹೊದಿಸಿದ ಮೇಜು ಒಂದಿದೆ. ಅದೇನು ಅಂತ ಆಗಿನಿಂದ ಪಿಸುಗುಟ್ಟುತ್ತಿದ್ದೀರಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಭಿಕರೇ, ಅಪ್ಪ ಮಾಡಿದ ಸಂಗೀತದ ಹೆಸರು ಎಲೆಕ್ಟ್ರೋ ಫಂಕ್. ತಾಳ ಯಂತ್ರದ್ದು, ತಳದ ಸ್ವರ ಯಂತ್ರದ್ದು, ಕುಣಿಯುವ ಸೊಂಟ ಮಾತ್ರ ನಿಮ್ಮದು. ನಮ್ಮಮ್ಮನನ್ನು ಕೇಳಿದರೆ, ಹೊಲಿಗೆ ಯಂತ್ರಕ್ಕೂ ಮಿಕ್ಸಿಗೂ ಜಗಳ ಬಿದ್ದರೆ ಬರುವ ಶಬ್ದ ಅದು ಅನ್ನುತ್ತಾಳೆ. ಅಮ್ಮ ದರ್ಜಿ. ಅಪ್ಪನ ಸ್ಟುಡಿಯೋಗೂ ಅವಳ ಹೊಲಿಗೆ ಕೋಣೆಗೂ ನಡುವೆ ಒಂದೇ ಗೋಡೆ. ಟೇಕ್ ನಡೆಯುವಾಗ, ಅಂದರೆ ಹಾಡನ್ನು ಟೇಪಿಗೆ ಹಿಡಿಯುವಾಗ, ಅಪ್ಪ ಗೋಡೆ ಬಡಿಯುತ್ತಿದ್ದರು, ಅಮ್ಮ ಯಂತ್ರ ನಿಲ್ಲಿಸಬೇಕಿತ್ತು. "ನಿಮ್ಮ ಹಾಡು ಮುಗಿಯೋದ್ರೊಳಗೆ ಗಿರಾಕಿಯ ಅಳತೇನೇ ಬದಲಾಗುತ್ತೆ" ಅಂತ ಆ ಕಡೆಯಿಂದ ಕೂಗುತ್ತಿದ್ದಳು. ಅಮ್ಮ ಮೂರನೇ ಸಾಲಿನಲ್ಲಿದ್ದಾಳೆ. ತಲೆ ಬಗ್ಗಿಸಿಕೊಂಡಿದ್ದಾಳಲ್ಲ, ಅವಳೇ.

ಅಪ್ಪ ಶುರುಮಾಡಿದ್ದು ರೇಡಿಯೋ ರಿಪೇರಿ ಅಂಗಡಿಯಲ್ಲಿ. ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಕೀಬೋರ್ಡೊಂದು ಅಟ್ಟದಲ್ಲಿ ಬಿದ್ದಿತ್ತು. ಮಾಲೀಕ "ತಗೊಂಡ್ಹೋಗು ಮಾರಾಯಾ, ಜಾಗ ಆದ್ರೂ ಆಗುತ್ತೆ" ಅಂದನಂತೆ. ಏನು ಮಾಡಿದರೂ ಅದರ ಮೂರು ಮನೆಗಳು, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿಗಳು, ಮಾತ್ರ ಸ್ವರ ಕೊಡಲಿಲ್ಲ. ಅಪ್ಪ ಆ ಮೂರನ್ನು ಬಿಟ್ಟೇ ಹಾಡು ಕಟ್ಟಿದರು. ಮೊದಲ ರೆಕಾರ್ಡು ಬಂತು, ಊರೆಲ್ಲ ಕುಣಿಯಿತು. ವಿಮರ್ಶಕರೊಬ್ಬರು "ಈ ಯುವಕನ ಸ್ವರಸಂಯಮ ಅಪೂರ್ವ" ಅಂತ ಬರೆದರು. ಸಂಯಮ ಎಲ್ಲಿಂದ ಬಂತು? ಕೆಟ್ಟ ಮನೆಗಳಿಂದ ಬಂತು. ಅಪ್ಪ ಇದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ನಗು ಗಂಟಲಿನಿಂದಲ್ಲ, ಹೊಟ್ಟೆಯಿಂದ ಬರುತ್ತಿತ್ತು. ಈಗಲೂ ನಗುತ್ತಾರೆ. ಹೊಟ್ಟೆ ಅಲ್ಲಾಡುತ್ತದೆ, ಅಷ್ಟೇ.

ಆಮೇಲೆ ಬಂತು ಕೊಳವೆ. ಮುಂದಿನ ಸಾಲಿನವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಕೀಬೋರ್ಡಿನ ಶಬ್ದವನ್ನು ಒಂದು ಪ್ಲಾಸ್ಟಿಕ್ ಕೊಳವೆಗೆ ಹಾಯಿಸಿ, ಅದರ ತುದಿಯನ್ನು ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುವುದು. ಶಬ್ದ ಯಂತ್ರದ್ದು, ಅಕ್ಷರ ತುಟಿಯದು, ನಾಲಿಗೆಯದು. ಯಂತ್ರವೇ ಮಾತಾಡಿದ ಹಾಗೆ ಕೇಳುತ್ತದೆ. ಗಂಟಲಿಗೆ ಅಲ್ಲಿ ಏನೇನೂ ಕೆಲಸವಿಲ್ಲ. ಈ ಒಂದು ವಾಕ್ಯವನ್ನು ದಯವಿಟ್ಟು ನೆನಪಿಡಿ.

ಆ ಕೊಳವೆಯಿಂದ ಅಪ್ಪ ಪ್ರಸಿದ್ಧರಾದರು. ವೇದಿಕೆಯಲ್ಲಿ ಅದರಲ್ಲೇ ಹಾಡಿದರು, ಅದರಲ್ಲೇ ಜನರನ್ನು ಛೇಡಿಸಿದರು. "ಆ ಕೆಂಪು ಅಂಗಿಯವರು ಇನ್ನೂ ಯಾಕೆ ಕೂತಿದ್ದಾರೆ?" ಅಂತ ಯಂತ್ರ ಕೇಳಿದರೆ ಕೆಂಪು ಅಂಗಿಯವರು ಎದ್ದು ಕುಣಿಯದೆ ಇರುತ್ತಾರೆಯೇ? ರೇಡಿಯೋದವರು ಸಂದರ್ಶನಕ್ಕೆ ಕರೆದಾಗಲೂ ಕೊಳವೆ ಕಚ್ಚಿಕೊಂಡೇ ಉತ್ತರ ಕೊಟ್ಟರು. ಅಪ್ಪನ ನಿಜವಾದ ದನಿ ಹೇಗಿದೆ ಅಂತ ಹೊರಗಿನವರಿಗೆ ಗೊತ್ತೇ ಇರಲಿಲ್ಲ. ನಮಗೂ ಸ್ಟುಡಿಯೋಗೆ ಬಂದವರಿಗೂ ಮಾತ್ರ ಗೊತ್ತಿತ್ತು. ಸ್ವಲ್ಪ ಒಡಕು ದನಿ. ನನ್ನನ್ನು ಕರೆಯುವಾಗ ಕೊನೆಯ ಅಕ್ಷರ ಎಳೆಯುತ್ತಿದ್ದರು.

ಬೇರೆಯವರ ಹಾಡುಗಳನ್ನು ರೆಕಾರ್ಡು ಮಾಡಿಸುವ ನಿರ್ಮಾಪಕರಾಗಿ ಅಪ್ಪ ಹೇಗಿದ್ದರು? ಮುಂದಿನ ಸಾಲಿನವರು ಈಗಾಗಲೇ ನಗುತ್ತಿದ್ದೀರಿ. ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ ನೀವು ಪ್ರಾಣ ಬಿಟ್ಟು ಹಾಡಿ ಮುಗಿಸುತ್ತಿದ್ದಿರಿ. ಈಚೆ ಅಪ್ಪ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಆಮೇಲೆ ಮೆಲ್ಲಗೆ ತೋರುಬೆರಳು ಮೇಲೆ ಏಳುತ್ತಿತ್ತು. ಆ ಬೆರಳಿಗೆ ಅರ್ಥ ಒಂದೇ: ಇನ್ನೊಂದು ಸಲ. ನೀವೇ ಇಟ್ಟ ಹೆಸರಲ್ಲವೇ, ಇನ್ನೊಂದ್ಸಲ ಮೇಷ್ಟ್ರು ಅಂತ? ಒಬ್ಬ ಹಾಡುಗಾರ್ತಿ ಕಣ್ಣೀರು ಹಾಕಿಕೊಂಡು "ಮೇಷ್ಟ್ರೇ, ಹಿಂದಿನ ಟೇಕೇ ಚೆನ್ನಾಗಿತ್ತಲ್ವಾ?" ಅಂದಾಗ, "ಅದನ್ನ ಅಳಿಸಿಯಾಯ್ತಮ್ಮ" ಅಂದರು. ಅವರ ಸ್ಟುಡಿಯೋದಲ್ಲಿ ಅದು ಕಾನೂನು. ಮೆಚ್ಚದ ಟೇಕನ್ನು ಇಟ್ಟುಕೊಳ್ಳಬಾರದು. ಇಟ್ಟುಕೊಂಡರೆ ಮನಸ್ಸು ಸೋಮಾರಿಯಾಗಿ ಅದಕ್ಕೇ ಜೋತುಬೀಳುತ್ತದೆ, ಆಗ ಒಳ್ಳೆಯದು ಬರುವುದಿಲ್ಲ ಅನ್ನುತ್ತಿದ್ದರು.

ಇನ್ನೊಂದು ಕಾನೂನು, ಹಾಡು ತಾಳದಿಂದಲೇ ಶುರುವಾಗಬೇಕು. ಅದಕ್ಕೆ ಮುಂಚೆ ಅಪ್ಪ ಆಡಿದ ಮಾತು, ಕೆಮ್ಮು, "ಒಂದು ಎರಡು ಮೂರು" ಎಲ್ಲ ಟೇಪಿನಿಂದ ಬ್ಲೇಡಿನಲ್ಲಿ ಕತ್ತರಿಸಿ ನೆಲಕ್ಕೆ. ಸಂಜೆ ಅಮ್ಮ ಎರಡೂ ಕೋಣೆ ಒಟ್ಟಿಗೆ ಗುಡಿಸುತ್ತಿದ್ದಳು. ದಾರದ ತುಂಡು, ಟೇಪಿನ ತುಂಡು, ಎಲ್ಲ ಒಂದೇ ಬುಟ್ಟಿಗೆ. ಅಪ್ಪನ ದನಿಯನ್ನು ಅಮ್ಮ ಎಷ್ಟು ಸಲ ಗುಡಿಸಿ ಹೊರಗೆ ಹಾಕಿದ್ದಾಳೋ ಅವಳಿಗೇ ಗೊತ್ತಿಲ್ಲ.

ನಾನು ಶಾಲೆ ಬಿಟ್ಟದ್ದೂ ಈ ಸ್ಟುಡಿಯೋಗಾಗಿಯೇ. ಕೂತಲ್ಲಿ ಕೂರಲಾಗದ ಹುಡುಗಿ ನಾನು. ಪಾಠ ನಡೆಯುವಾಗ ಬೆಂಚಿನ ಮೇಲೆ ತಾಳ ಹಾಕಿ ಹೊರಗೆ ನಿಲ್ಲುತ್ತಿದ್ದೆ. ಒಂದು ದಿನ ಚೀಲ ತಂದು ಸ್ಟುಡಿಯೋದಲ್ಲಿ ಶಬ್ದ ಬೆರೆಸುವ ಮಿಕ್ಸರ್ ಪಕ್ಕ ಇಟ್ಟು "ಇನ್ನು ಹೋಗಲ್ಲ" ಅಂದೆ. ತಾವೇ ಹೆಚ್ಚು ಓದದ ಅಪ್ಪ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಕೆಂಪಾಯಿತು. "ಮಂಕೇ, ಸೋತ್ರೆ ಮತ್ತೆ ಬರೀರಿ ಅನ್ನೋ ಜಾಗ ಪ್ರಪಂಚದಲ್ಲಿ ಶಾಲೆಯೊಂದೇ. ಹೊರಗೆ ಯಾರೂ ಇನ್ನೊಂದು ಸಲ ಅನ್ನಲ್ಲ" ಅಂದರು. ನಾನು ಸುಮ್ಮನಿರುವವಳೇ? "ನೀವು ಅಂತೀರಲ್ಲ" ಅಂದೆ. ಮಾರನೇ ದಿನದಿಂದ ಕೆಲಸ ಕಲಿಸಿದರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಬಂದೆ ಸಾರ್, ಬಂದೆ.

ಆಪರೇಷನ್ನಿನ ಹಿಂದಿನ ದಿನ ವೈದ್ಯರು ಹೇಳಿದರು, "ನಿಮ್ಮದು ರೆಕಾರ್ಡಿಂಗ್ ಮನೆಯಲ್ವಾ? ಅವರ ದನಿ ಒಂದಷ್ಟು ಹಿಡಿದಿಟ್ಕೊಳ್ಳಿ. ನಾಳೆ ಆದ್ಮೇಲೆ ಇರಲ್ಲ." ಎಷ್ಟು ಸುಲಭದ ಕೆಲಸ! ಬೇರೆ ಮನೆಗಳಲ್ಲಿ ಫೋನು ಹಿಡಿದು ಮುಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಫೋನಿನ ಮೈಕು ಮೈಕೇ ಅಲ್ಲ. ಅದರಲ್ಲಿ ದನಿಯ ಒಂದು ಸಂದೇಶವನ್ನೂ ಅಪ್ಪ ಕಳಿಸಿದವರಲ್ಲ. ಒಳ್ಳೆಯ ಮೈಕು ಹಾಕಿದೆವು. ಅಮ್ಮ ಹೊಲಿಗೆ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಗಾಜಿನ ಆಚೆ ಕೂತರು. ಅವರು ಕೊಳವೆಯಿಲ್ಲದೆ ಅಲ್ಲಿ ಕೂತಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಏನು ಹೇಳಲಿ?" ಅಂದರು.

"ಏನಾದ್ರೂ ಹೇಳಿ. ಬೇಕಾದ್ರೆ ನನ್ನನ್ನೇ ಬಯ್ಯಿರಿ" ಅಂದಳು ಅಮ್ಮ.

ಅಪ್ಪ ನನ್ನನ್ನು ಕರೆದರು. ಕೊನೆಯ ಅಕ್ಷರ ಎಳೆದು ಕರೆದರು. "ಬರುವಾಗ ಹಜಾರದ ದೀಪ ಆರಿಸಿ ಬಾ" ಅಂದರು. ಅಷ್ಟೇ. ದಿನಾ ಹೇಳುತ್ತಿದ್ದ ಮಾತು. ಆಮೇಲೆ ಈಚೆ ಬಂದು, ಹೆಡ್‌ಫೋನು ಹಾಕಿಕೊಂಡು ಕೇಳಿದರು. ಮುಖ ಹುಳ್ಳಗಾಯಿತು. "ಉಸಿರು ಕೇಳಿಸ್ತಿದೆ" ಅಂದರು. ಅಳಿಸಿದರು. ಮತ್ತೆ ಹೋಗಿ ಕೂತರು. ಅಮ್ಮನಿಗೆ ಏನೋ ಹೇಳಿದರು. ಅದು ಅಮ್ಮನಿಗೆ ಹೇಳಿದ್ದು, ಇಲ್ಲಿ ಬೇಡ. ಈಚೆ ಬಂದು ಕೇಳಿದರು. "ನಾಟಕದ ಹಾಗಿದೆ" ಅಂದರು. ಅಳಿಸಿದರು. ಸಂಜೆಯವರೆಗೂ ಹೀಗೆಯೇ. ನಮ್ಮಿಬ್ಬರಿಗೂ ಅದು ವಿಚಿತ್ರ ಅನ್ನಿಸಲಿಲ್ಲ, ನೋಡಿ. ಅಲ್ಲಿ ಕೆಲಸ ನಡೆಯುವುದೇ ಹಾಗೆ. ಸಂಜೆಗೆ ಅವರ ದನಿ ಕಟ್ಟಿತು. "ಇವತ್ತು ಬರ್ತಿಲ್ಲ ಕಣೇ. ಬೆಳಿಗ್ಗೆ ಗಂಟಲು ತಾಜಾ ಇರುತ್ತೆ. ಬೆಳಿಗ್ಗೆ ಇನ್ನೊಂದು ಸಲ" ಅಂದರು. ಸರಿಯಾದ ಮಾತೇ. ಯಾವ ನಿರ್ಮಾಪಕನಾದರೂ ಹಾಗೇ ಹೇಳುತ್ತಾನೆ.

ಬೆಳಿಗ್ಗೆ ನಾನು ಮೈಕು ಸರಿಮಾಡುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂತು. ಸರದಿ ಬೇಗ ಬಂದಿದೆ, ಈಗಲೇ ಹೊರಡಿ ಅಂದರು.

ಆಮೇಲೆ ನಾನು ಹುಡುಕಿದೆ. ಪೆಟ್ಟಿಗೆಗಟ್ಟಲೆ ಟೇಪು ಇದೆ ನಮ್ಮಲ್ಲಿ. ಒಂದೊಂದೂ ತಾಳದಿಂದಲೇ ಶುರುವಾಗುತ್ತದೆ. ಚೊಕ್ಕಟ. ಅಷ್ಟು ಚೊಕ್ಕಟವಾದ ಕೆಲಸವನ್ನು ನೀವೆಲ್ಲೂ ಕೇಳಿರಲಾರಿರಿ. ನಾಡಿನ ಹಾಡುಗಾರರೆಲ್ಲರ ದನಿ ಆ ಪೆಟ್ಟಿಗೆಗಳಲ್ಲಿದೆ. ನಮ್ಮಪ್ಪನದು ಇಲ್ಲ.

ಕ್ಷಮಿಸಿ. ಒಂದು ಗುಟುಕು ನೀರು ಕುಡಿಯುತ್ತೇನೆ.

ಈಗ ಆ ನೀಲಿ ಬಟ್ಟೆ. ಅದರ ಕೆಳಗೆ ಅಪ್ಪನ ಕೀಬೋರ್ಡೂ ಕೊಳವೆಯೂ ಇವೆ. ಗಂಟಲಿಗೆ ಕೆಲಸವಿಲ್ಲ ಅಂದೆನಲ್ಲ, ನೆನಪಿದೆಯೇ? ತುಟಿ ಇದೆ, ನಾಲಿಗೆ ಇದೆ. ಅಪ್ಪ ಆ ಕೊಳವೆ ಕಚ್ಚಿಕೊಂಡರೆ ಇವತ್ತೂ ಮಾತಾಡಬಹುದು. ನನ್ನ ಭಾಷಣ ಮುಗಿದ ಕೂಡಲೇ ಬಟ್ಟೆ ತೆಗೆಯುವುದು, ನೀವೆಲ್ಲ ಚಪ್ಪಾಳೆ ತಟ್ಟುತ್ತಲೇ ಇರುವುದು, ಅಪ್ಪನಿಗೆ ಬೇರೆ ದಾರಿಯಿಲ್ಲದೆ ಎದ್ದು ಬಂದು ಎರಡು ಮಾತಾಡುವುದು ಅಂತ ಸಂಘದವರು ಯೋಜನೆ ಹಾಕಿದ್ದಾರೆ. ಸಂಘದವರು ಅಂತ ಹೇಳಿದೆ. ತಪ್ಪು. ಮೊದಲು ಹೇಳಿದವಳು ನಾನೇ, ಸಾಮಾನು ತಂದವಳೂ ನಾನೇ. ಅಪ್ಪನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಅಪ್ಪ, ಹಾಗೆ ನೋಡಬೇಡಿ.

ಮನೆಯಲ್ಲಿ ಒಮ್ಮೆ ಅವರ ಮುಂದೆ ಆ ಕೊಳವೆ ಇಟ್ಟಿದ್ದೆ. ಎತ್ತಿಕೊಂಡರು. ಬಿಸಿನೀರಲ್ಲಿ ತೊಳೆದರು, ಒರೆಸಿದರು, ಸುತ್ತಿ ಮತ್ತೆ ಪೆಟ್ಟಿಗೆಯಲ್ಲಿ ಇಟ್ಟರು. "ಯಾಕಪ್ಪ?" ಅಂದೆ. ಮನೆಯಲ್ಲಿ ನಾವು ಅವರ ತುಟಿ ನೋಡಿ ಮಾತು ಹಿಡಿಯುತ್ತೇವೆ. ತುಟಿ ಹೇಳಿತು: "ಅದರಲ್ಲಿ ನೀರು ಕೇಳಿದ್ರೆ ಜನ ಕುಣೀತಾರೆ."

ಅಮ್ಮ ಜೋರಾಗಿ ನಕ್ಕಳು. ನಾನೂ ನಕ್ಕೆ. ಅಪ್ಪನ ಹೊಟ್ಟೆಯೂ ಅಲ್ಲಾಡಿತು. ಆಮೇಲೆ ಅಮ್ಮ ಎದ್ದು ಹೋಗಿ ಒಂದು ಲೋಟ ನೀರು ತಂದು ಅವರ ಮುಂದಿಟ್ಟಳು.

ಅಷ್ಟು ಕೇಳಿದ ಮೇಲೂ ಈ ಮೇಜನ್ನು ಇಲ್ಲಿಗೆ ಯಾಕೆ ತಂದೆ? ನನಗೆ ಕೇಳಬೇಕಿತ್ತು. ದೀಪ ಆರಿಸಿ ಬಾ ಅನ್ನಲಿ, ಮಂಕೇ ಅನ್ನಲಿ, ಯಂತ್ರದ ಶಬ್ದದಲ್ಲೇ ಅನ್ನಲಿ, ಕೊನೆಯ ಅಕ್ಷರವನ್ನಾದರೂ ಎಳೆಯಬಹುದಲ್ಲ ಅಂತ. ಇಷ್ಟು ಜನರ ಮುಂದೆ ಇಲ್ಲ ಅನ್ನಲಾರರು ಅಂತ ಲೆಕ್ಕ ಹಾಕಿದ್ದೆ.

ಆದರೆ ಇಲ್ಲಿ ನಿಂತು ನಿಮ್ಮ ಮುಖಗಳನ್ನು ನೋಡಿದೆ. ನೀವು ಒಳ್ಳೆಯವರು. ಕೊಳವೆಯಿಂದ ಮೊದಲ ಅಕ್ಷರ ಬಂದ ಕೂಡಲೇ ನಿಮಗೆ ಹಳೆಯ ಹಾಡು ನೆನಪಾಗುತ್ತದೆ. ಕೂಗುತ್ತೀರಿ, ಶಿಳ್ಳೆ ಹೊಡೆಯುತ್ತೀರಿ, ಯಾರೋ ಒಬ್ಬರು ಎದ್ದು ಕುಣಿದೇಬಿಡುತ್ತಾರೆ. ಅದು ನಿಮ್ಮ ಪ್ರೀತಿ. ಆದರೆ ಅಪ್ಪ ಆಗ ನಿಜವಾಗಿ ನೀರೇ ಕೇಳುತ್ತಿದ್ದರೆ?

ಆದ್ದರಿಂದ ಪರದೆಯ ಪಕ್ಕ ನಿಂತಿರುವ ಅಣ್ಣಂದಿರೇ, ಆ ಬಟ್ಟೆ ತೆಗೆಯಬೇಡಿ. ಹೇಗಿದೆಯೋ ಹಾಗೇ ಎತ್ತಿ ಹೊರಗೆ ಗಾಡಿಯಲ್ಲಿಡಿ. ಈಗಲೇ ಎತ್ತಿ, ಪರವಾಗಿಲ್ಲ, ಎಲ್ಲರೂ ನೋಡಲಿ. ಹುಷಾರು, ಮೇಜಿನ ಎಡಗಾಲು ಸ್ವಲ್ಪ ಸಡಿಲ. ಕಾರ್ಯದರ್ಶಿಗಳೇ, ನಿಮ್ಮ ಕಾರ್ಯಕ್ರಮದ ಕೊನೆಯ ಭಾಗವನ್ನು ಹಾಳುಮಾಡಿದೆ. ಮನೆಗೆ ಬನ್ನಿ, ಬೈಸಿಕೊಳ್ಳುತ್ತೇನೆ.

ಇನ್ನು ಕೊನೆಯ ಒಂದು ಕೋರಿಕೆ. ಅಲ್ಲಿ ಮೂಲೆಯಲ್ಲಿ ಕೂತು ಈ ಸಭೆಯ ಶಬ್ದ ಹಿಡಿಯುತ್ತಿರುವ ಅಣ್ಣ, ನಿಮ್ಮ ಹತ್ತಿರ. ದಯವಿಟ್ಟು ಏನನ್ನೂ ಕತ್ತರಿಸಬೇಡಿ. ಅಧ್ಯಕ್ಷರು ಕೆಮ್ಮಿದ್ದು, ಕುರ್ಚಿ ಕಿರುಗುಟ್ಟಿದ್ದು, ನಾನು ನಡುವೆ ನಿಂತುಹೋಗಿದ್ದು, ಎಲ್ಲ ಇರಲಿ. ನಾನು ಮಾತು ಶುರುಮಾಡಿದಾಗಿನಿಂದ ಅಪ್ಪ ವೇದಿಕೆಯಲ್ಲಿ ತಮ್ಮ ಮುಂದಿರುವ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದಾರೆ. ಅವರಿಗೇ ಗೊತ್ತಿಲ್ಲ. ನಿಮ್ಮ ಮೈಕಿಗೆ ಅದು ಸಿಕ್ಕಿದ್ದರೆ ನನಗೆ ಕೊಡಿ. ಶುಚಿ ಮಾಡಬೇಡಿ. ಉಸಿರು ಕೇಳಿಸಿದರೆ ಕೇಳಿಸಲಿ.

ಬಂದವರಿಗೆ, ಕೂತವರಿಗೆ, ಬಾಗಿಲ ಪಕ್ಕವಿದ್ದೂ ಎದ್ದು ಹೋಗದವರಿಗೆ ಧನ್ಯವಾದ. ಮೂರನೇ ಸಾಲಿನಲ್ಲಿರುವ ಅಮ್ಮನಿಗೆ...

ಸಭಿಕರೇ, ನೀವೆಲ್ಲ ಯಾಕೆ ನಗುತ್ತಿದ್ದೀರಿ ಅಂತ ತಿರುಗಿ ನೋಡಿದೆ. ಅಪ್ಪ ತೋರುಬೆರಳು ಎತ್ತಿದ್ದಾರೆ.

ಇಲ್ಲ ಅಪ್ಪ. ಎಷ್ಟು ಎತ್ತಿದರೂ ಇಲ್ಲ. ಇದು ಮೊದಲನೇ ಟೇಕು, ಇದರಲ್ಲಿ ತಪ್ಪಿದೆ, ಇದನ್ನು ಇಟ್ಟುಕೊಳ್ಳುತ್ತೇನೆ.

ನಮಸ್ಕಾರ.