ಸಾಣೆಕಲ್ಲಿನಲ್ಲಿ ತೇಯ್ದ ಮಾತ್ರೆ

ಇನ್ನೊಬ್ಬರ ಮನೆಯ ನೋವನ್ನು ಬರೆಯುವ ಹಕ್ಕು ನನಗಿದೆಯೋ ಇಲ್ಲವೋ, ಕ್ಷಮೆ ಇರಲಿ. ರಾಮಕೃಷ್ಣನಗರದ ಕ್ಲಿನಿಕ್ಕೊಂದರಲ್ಲಿ ನನ್ನ ಪಕ್ಕ ಒಬ್ಬ ತಾಯಿ, ಮಗಳು ಕೂತಿದ್ದರು. ಮಗ ಶಿವಕಿರಣ್ ಡಾಕ್ಟರ ಕೋಣೆಯಲ್ಲಿದ್ದ. ಮಗಳು ಮಾತ್ರೆಯ ಜೊತೆ ಬಂದ ಚೀಟಿ ಓದುತ್ತಿದ್ದಳು.

“ಅಮ್ಮಾ, ಇದನ್ನ ಇಡಿಯಾಗಿ ನುಂಗಬೇಕಂತೆ. ನೀನು ಹೆಂಗೆ ಕೊಡ್ತಿದ್ದೆ?”

“ಸಾಣೆಕಲ್ಲಲ್ಲಿ ತೇಯ್ದು, ಜೇನುತುಪ್ಪದಲ್ಲಿ ಕಲಸಿ. ನಿಮ್ಮಿಬ್ಬರನ್ನೂ ಹಂಗೇ ಸಾಕಿಲ್ವೇನೇ?”

“ಅದು ಬಜೆ ಕಣಮ್ಮ! ಇದರ ಮೇಲಿನ ಪದರ ದೊಡ್ಡ ಕರುಳು ಮುಟ್ಟೋವರೆಗೂ ಕರಗಬಾರದಂತೆ. ತೇಯ್ದುಬುಟ್ರೆ ಔಷಧಿ ಅವನ ಕರುಳಿನ ಹುಣ್ಣಿನ ತನಕ ಸರಿಯಾಗಿ ಹೋಗಲ್ಲ.”

“ಅಷ್ಟು ದಪ್ಪ ಮಾತ್ರೆ. ರಕ್ತ ಹೋಗಿ ಹೋಗಿ ಸೋತಿರೋ ಮಗು ಹೆಂಗೆ ನುಂಗುತ್ತೆ ಅಂತ...”

“ಮೂವತ್ತು ವರ್ಷದ ಮಗು! ಎಷ್ಟು ದಿನದಿಂದ ತೇಯ್ತಿದೀಯ?”

“ಶುರುವಿನಿಂದ್ಲೂ. ಮೂರು ತಿಂಗಳಾಯ್ತು.”

ಮಗಳು ಡಾಕ್ಟರ ಕೋಣೆಯ ಬಾಗಿಲ ಕಡೆ ನೋಡಿದಳು.

“ಈ ಮಾತ್ರೆ ನಾಟಲಿಲ್ಲ, ಜೋರು ಇಂಜೆಕ್ಷನ್ ಕೊಡ್ತೀವಿ, ಅದಕ್ಕೂ ಬಗ್ಗದಿದ್ರೆ ಕರುಳೇ ತೆಗೀಬೇಕು ಅಂತಿದಾರೆ ಡಾಕ್ಟ್ರು. ಅವರಿಗೆ ಇದು ಗೊತ್ತಿಲ್ಲ. ಹೇಳಮ್ಮ.”

“ನನ್ನ ಕೈಯಿಂದ್ಲೇ ಕೆಡ್ತು ಅಂತ ಅವನೆದುರಿಗೇ ಹೇಳ್ಲಾ?”

“ನಾನು ಹೇಳ್ಲಾ ಹಂಗಾದ್ರೆ?”

“ಬೇಡ ಕಣೇ. ತೇಯ್ದವಳು ನಾನು.”

ನರ್ಸ್ ಬಂದು, “ಶಿವಕಿರಣ್ ಕಡೆಯವರು ಒಬ್ಬರು ಬನ್ನಿ” ಎಂದರು. ತಾಯಿ ಎದ್ದರು. ಚೀಟಿಯನ್ನು ಮಗಳ ಕೈಯಿಂದ ತೆಗೆದುಕೊಂಡು, ಮಡಿಸಿ, ಒಳಗೆ ಹೋದರು. ಬಾಗಿಲು ಮುಚ್ಚಿತು.

ಆಮೇಲೆ ನನ್ನನ್ನು ಬೇರೆ ಕೋಣೆಗೆ ಕರೆದರು. ಆ ತಾಯಿ ಹೇಳಿದರೋ ಇಲ್ಲವೋ, ಹೇಳಿದ್ದರೂ ಕರುಳು ಉಳಿಯಿತೋ ಇಲ್ಲವೋ, ನನಗೆ ಗೊತ್ತಿಲ್ಲ.