ಎಲಿಜಬೆತಳ ಕೊನೆಯ ಆರಿಯಾ

ಸಂಜೆಗೇ ಹಿಡಿದ ಮಳೆ ಬಿಡುವ ಲಕ್ಷಣವಿರಲಿಲ್ಲ. ಶಿರ್ವದ ಇಗರ್ಜಿಯಲ್ಲಿ ಹಾಡಿನ ಅಭ್ಯಾಸ ಮುಗಿಸಿದ ಹುಡುಗಿಯರು ಬರ್ತಾಬಾಯಿಯ ಜಗಲಿಗೆ ಓಡಿಬಂದು ಕುಳಿತರು. ಮಣಿಪಾಲದಲ್ಲಿ ಮತ್ತೆ ಒಪೆರಾ ಹಾಡುಗಳ ಕಾರ್ಯಕ್ರಮವಂತೆ, ಹೋಗೋಣವೇ ಎಂಬ ಮಾತು ಬಂತು. ಒಳಗಿನಿಂದ ಬಂದ ಮುದುಕಿ ಬಾಗಿಲನ್ನು ಮೆಲ್ಲನೆ ಎಳೆದುಕೊಂಡು ಕುಳಿತಳು.

“ಹೋಗಿ. ಆದರೆ ಇದನ್ನು ಕೇಳಿಕೊಂಡು ಹೋಗಿ... ಎಪ್ಪತ್ತಾರನೇ ಇಸವಿ. ಒಪೆರಾ ಅಂದರೆ ಎಂತ? ನಮ್ಮ ಯಕ್ಷಗಾನದ ಹಾಗೆ, ಕಥೆಯೆಲ್ಲ ಹಾಡಿನಲ್ಲೇ. ಅದರಲ್ಲಿ ಒಬ್ಬರೇ ಹಾಡುವ ಹಾಡು ಆರಿಯಾ. ಅವತ್ತು ಮಣಿಪಾಲದಲ್ಲಿ ಹೊಸ ಗಾಯಕರ ಆರಿಯಾ ಕಛೇರಿ, ಅವರಲ್ಲಿ ಒಬ್ಬರನ್ನು ಇಟಲಿಗೆ ಕಲಿಯಲು ಕಳುಹಿಸುತ್ತೇವೆ ಅಂತ ಹೇಳಿದ್ದರು. ನನ್ನ ಅಣ್ಣ ಲಿಡ್ವಿನ್‌ಗೆ ಮಗಳು ಹಿಲ್ಡಾಳೇ ಹೋಗಬೇಕು ಅಂತ ಹಟ. ಅವಳಿಗೆ ಪೈಪೋಟಿ ಬೊಂಬಾಯಿಯಲ್ಲಿ ಕಲಿತ ಎಲಿಜಬೆತ್.

“ಅವಳು ಹಾಡಲು ಸುರು ಮಾಡಿದಳು ನೋಡಿ, ಸಭೆಯೆಲ್ಲ ಕಲ್ಲು. ಅಣ್ಣ ಮಾತ್ರ ಮೈಮರೆಯಲಿಲ್ಲ, ಅವಳ ಎದೆ ಏರಿಳಿಯುತ್ತದಾ ಅಂತಲೇ ನೋಡುತ್ತಿದ್ದ, ಯಾಕೆಂದರೆ ಸ್ವರ ಏರುತ್ತ ಏರುತ್ತ ಹೋದರೂ ಹುಡುಗಿ ಉಸಿರು ಎಳೆದುಕೊಳ್ಳುತ್ತಲೇ ಇಲ್ಲ... ಅದು ಮನುಷ್ಯರಿಂದ ಆಗುವುದು ಉಂಟಾ? ಟೇಪ್ ಇಟ್ಟು ಮೋಸ ಮಾಡುತ್ತಿದ್ದಾಳೆ ಅಂತ ಪರದೆಯ ಹಿಂದೆ ಹೋದ, ಹುಡುಕಿದ, ಮೈಕಿನ ವಯರ್ ಬಿಟ್ಟು ಎಂತದೂ ಸಿಗಲಿಲ್ಲ. ಸಂಶಯ ಹೋಗಬೇಕಲ್ಲ? ನೇರ ಹೋಗಿ ಕರೆಂಟಿನ ಫ್ಯೂಸ್ ಕಿತ್ತ.

“ದೀಪ ಹೋಯಿತು. ಮೈಕ್ ಹೋಯಿತು. ಹಾಡು ಹೋಗಲಿಲ್ಲ...

“ಟಾರ್ಚ್ ಹಿಡಿದು ವೇದಿಕೆ ಹತ್ತಿದ. ಎಲಿಜಬೆತ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಅವಳ ಗಂಟಲಿನಿಂದ ಹಾಡು ಬರುತ್ತಲೇ ಇತ್ತು. ಕೈ ಸ್ವಲ್ಪ ಸರಿಸಿ ಅವಳು ಪಿಸುಗುಟ್ಟಿದಳು, ಆಗಲೂ ಹಾಡು ನಿಲ್ಲಲಿಲ್ಲ ಮಾರಾಯ್ರೆ. ‘ಇದು ನಾನಲ್ಲ ಸರ್. ನನ್ನ ಟೀಚರ್ ಈ ಹಾಡಿನ ನಡುವೆಯೇ ಸತ್ತರು. ಅವರ ಜೊತೆಗೆ ನಾನು ಗುನುಗುತ್ತಿದ್ದೆ...’

“ಅಷ್ಟರಲ್ಲಿ ಅಣ್ಣನ ಬೆನ್ನ ಹಿಂದೆ ಇನ್ನೊಂದು ದನಿ. ತನ್ನ ಸರದಿಗೆ ಕಾಯುತ್ತಿದ್ದ ಹಿಲ್ಡಾ, ಕತ್ತಲೆಗೆ ಹೆದರಿ, ಗೊತ್ತಿಲ್ಲದೆಯೇ ಅದೇ ಹಾಡು ಗುನುಗುತ್ತಿದ್ದಳು. ಎಲಿಜಬೆತಳ ಗಂಟಲಿನ ಹಾಡು ತಟ್ಟನೆ ನಿಂತಿತು. ಅವಳು ನೆಲದಲ್ಲಿ ಕುಳಿತು, ಎಷ್ಟೋ ಕಾಲದ ಭಾರ ಇಳಿಸಿದವಳ ಹಾಗೆ ಉಸಿರು ಬಿಟ್ಟಳು.

“ದೀಪ ಬಂದ ಮೇಲೆ ಹಿಲ್ಡಾ ಹಾಡಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಇಟಲಿಗೆ ಅವಳೇ ಅಂತ ಆಯಿತು. ಅಣ್ಣ ಚಪ್ಪಾಳೆ ತಟ್ಟಲಿಲ್ಲ. ಮಗಳು ಉಸಿರು ಎಳೆದುಕೊಳ್ಳುತ್ತಾಳಾ ಅಂತ ಅವಳ ಎದೆಯನ್ನೇ ನೋಡುತ್ತಾ ಇದ್ದ... ಎಲಿಜಬೆತ್ ಮತ್ತೆ ಯಾವತ್ತೂ ಹಾಡಲಿಲ್ಲ. ಕಾರ್ಕಳದಲ್ಲಿ ಮದುವೆಯಾಗಿ ಸುಖವಾಗಿದ್ದಾಳೆ.”

ಬರ್ತಾಬಾಯಿ ಮಾತು ನಿಲ್ಲಿಸಿದಳು. ಮಳೆಯ ಸದ್ದಿನ ಅಡಿಯಿಂದ, ಮುಚ್ಚಿದ ಬಾಗಿಲಿನ ಆಚೆಯಿಂದ, ತೆಳ್ಳಗೆ ಒಂದು ಸ್ವರ ಏರತೊಡಗಿತ್ತು.

“ಹಿಲ್ಡಾ ಮೊನ್ನೆ ಊರಿಗೆ ಬಂದಳು. ಈಗಷ್ಟೇ ನೋಡಿ ಬಂದೆ, ಗಾಢ ನಿದ್ದೆಯಲ್ಲಿದ್ದಾಳೆ. ಕೇಳಿ, ಅಡ್ಡಿಯಿಲ್ಲ... ಆದರೆ ನಿಮ್ಮಲ್ಲಿ ಯಾರದು, ಜೊತೆಗೆ ಗುನುಗುತ್ತಿರುವುದು?”